ಎಳೆ, ಬಿಡು, ಊದು: ಉಸಿರಾಟದ ಯಾಂತ್ರಿಕತೆಯನ್ನು ಮೂರು ಕ್ರಿಯಾಪದಗಳಿಂದ ಕಲಿಸುವುದು

ಪೀಠಿಕೆ

‘ಉಸಿರು ಎಳೆದುಕೊಂಡಾಗ ಎದೆ ಏಕೆ ಹಿಗ್ಗುತ್ತದೆ?’ ಪ್ರೌಢಶಾಲೆಯ ಯಾವ ತರಗತಿಯಲ್ಲಿ ಕೇಳಿದರೂ ಮೊದಲು ಬರುವ ಉತ್ತರ, ‘ಗಾಳಿ ಒಳಗೆ ತುಂಬಿಕೊಳ್ಳುವುದರಿಂದ’. ಬಲೂನು ಊದಿದ, ಸೈಕಲ್ ಟ್ಯೂಬಿಗೆ ಗಾಳಿ ಹೊಡೆದ ಮಕ್ಕಳಿಗೆ ಈ ಉತ್ತರ ಸಹಜವೇ. ಗಾಳಿ ಹೋಯಿತು, ಅದಕ್ಕೇ ಉಬ್ಬಿತು. ಆದರೆ ನಮ್ಮ ದೇಹದಲ್ಲಿ ನಡೆಯುವುದು ಇದರ ತಿರುವುಮುರುವು. ಮೊದಲು ಎದೆಗೂಡು ಹಿಗ್ಗುತ್ತದೆ, ಆಮೇಲೆ ಗಾಳಿ ಒಳಗೆ ಬರುತ್ತದೆ.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಅದಲುಬದಲು ಮಾಡಿಕೊಂಡ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಉಸಿರಾಟಾಂಗದ ಅಂದವಾದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪೂರ್ಣ ಅಂಕ ಪಡೆಯಬಹುದು. ಎದೆಗೆ ಗಾಯವಾದಾಗ ಶ್ವಾಸಕೋಶ ಕುಸಿಯುವುದು ಏಕೆ, ದಮ್ಮು ಇರುವವರಿಗೆ ಉಸಿರು ಬಿಡುವುದೇ ಏಕೆ ಕಷ್ಟ ಎಂಬ ಪ್ರಶ್ನೆಗಳ ಮುಂದೆ ಮಾತ್ರ ಅವನು ನಿಂತುಬಿಡುತ್ತಾನೆ. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದ ಈ ಚಿಕ್ಕ ಭಾಗವನ್ನು ಪೂರ್ತಿ ಒಂದು ಪಾಠವಾಗಿ ಯೋಜಿಸಲು ಇದೇ ಕಾರಣ.

ಪಾಠದ ಹಿನ್ನೆಲೆ

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಮೂವರು ಪ್ರಶಿಕ್ಷಣಾರ್ಥಿಗಳು ಒಂದೇ ಪಾಠವನ್ನು ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕಿನ ಒಂದೊಂದು ಪ್ರೌಢಶಾಲೆಯಲ್ಲಿ ಬೋಧಿಸಿದೆವು. ಒಬ್ಬರು ಬೋಧಿಸುವಾಗ ಉಳಿದಿಬ್ಬರು ವೀಕ್ಷಕರು. ಕಲಿಕಾ ಫಲ, ಉಪಕರಣ, ಮೌಲ್ಯಮಾಪನ ಮೂರೂ ಕಡೆ ಒಂದೇ ಇದ್ದವು. ಪಾಠದ ಪ್ರವೇಶವನ್ನು ಮಾತ್ರ ಉದ್ದೇಶಪೂರ್ವಕವಾಗಿ ಬೇರೆ ಬೇರೆ ಇಟ್ಟುಕೊಂಡೆವು. ಬಂಟ್ವಾಳದಲ್ಲಿ ಬಾಟಲಿ–ಬಲೂನಿನ ಮಾದರಿಯಿಂದ, ಬೆಳ್ತಂಗಡಿಯಲ್ಲಿ ಮಕ್ಕಳ ಎದೆಯ ಅಳತೆಯಿಂದ, ಮೂಡುಬಿದಿರೆಯಲ್ಲಿ ಮಾತಿನಿಂದ, ಅಂದರೆ ಉಸಿರಿಗೆ ನಾವು ಬಳಸುವ ಕ್ರಿಯಾಪದಗಳಿಂದ ಆರಂಭಿಸಿದೆವು.

ಮಾದರಿಯಿಂದ ಆರಂಭಿಸಿದ ತರಗತಿಯಲ್ಲಿ ಮಕ್ಕಳು ಬಾಟಲಿಯ ಬಗ್ಗೆ ಸರಿಯಾಗಿಯೇ ಹೇಳಿದರು: ‘ರಬ್ಬರ್ ಎಳೆದದ್ದಕ್ಕೆ ಬಲೂನು ಉಬ್ಬಿತು.’ ‘ಹಾಗಾದರೆ ನಿಮ್ಮ ಎದೆ?’ ಎಂದು ಕೇಳಿದ ಕೂಡಲೇ ಹಳೆಯ ಉತ್ತರವೇ ಮರಳಿತು. ಬಾಟಲಿಯ ವಿಜ್ಞಾನ ಬೇರೆ, ತಮ್ಮ ತಿಗಲೆಯ ವಿಷಯ ಬೇರೆ ಎಂದು ಅವರು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಂತಿತ್ತು. ದೇಹದಿಂದ ಆರಂಭಿಸಿ, ಮಾತಿನ ಮೂಲಕ ಹಾದು, ಕೊನೆಗೆ ಮಾದರಿಗೆ ಬಂದಾಗ ಈ ಬಿರುಕು ಕಡಿಮೆಯಾಯಿತು ಎಂಬುದು ಮೂವರ ವೀಕ್ಷಣಾ ಟಿಪ್ಪಣಿಗಳಲ್ಲೂ ಕಂಡ ಅಂಶ. ಮುಂದೆ ವಿವರಿಸಿರುವುದು ಆ ಕ್ರಮದ ಪಾಠವನ್ನೇ.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು
1. ಉಸಿರೆಳೆಯುವಾಗ ನಡೆಯುವ ಘಟನೆಗಳನ್ನು ಸರಿಯಾದ ಕಾರಣ–ಪರಿಣಾಮದ ಕ್ರಮದಲ್ಲಿ ಜೋಡಿಸುವನು;
2. ಸಹಜ ನಿಶ್ವಾಸ ಮತ್ತು ಬಲವಂತದ ನಿಶ್ವಾಸದ ವ್ಯತ್ಯಾಸವನ್ನು ವಿವರಿಸುವನು;
3. ಬಾಟಲಿ–ಬಲೂನಿನ ಮಾದರಿಯ ಕನಿಷ್ಠ ಮೂರು ಮಿತಿಗಳನ್ನು ಹೇಳುವನು;
4. ಶ್ವಾಸಕೋಶದ ಗಾತ್ರಗಳನ್ನು ಬಳಸಿ ಸರಳ ಲೆಕ್ಕ ಮಾಡುವನು.

ಹಂತ 1: ದೇಹದಿಂದ ಆರಂಭ

ಪ್ರತಿ ಜೋಡಿಗೆ ಒಂದು ದರ್ಜಿಯ ಟೇಪು ಬೇಕು. ಎದೆಯ ಸುತ್ತಳತೆಯನ್ನು ಮೊದಲು ಉಸಿರು ಪೂರ್ತಿ ಬಿಟ್ಟಾಗ, ಅನಂತರ ಪೂರ್ತಿ ಎಳೆದಾಗ ಅಳೆದು ವ್ಯತ್ಯಾಸ ಬರೆಯುತ್ತಾರೆ. ಸೈನ್ಯ ಮತ್ತು ಪೊಲೀಸ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳ ಎದೆ 5 ಸೆಂ.ಮೀ. ಹಿಗ್ಗಬೇಕು ಎಂಬ ನಿಯಮ ಗಂಡುಮಕ್ಕಳಿಗೆ ಗೊತ್ತಿರುತ್ತದೆ. ಆಸಕ್ತಿ ತಾನಾಗಿ ಹುಟ್ಟುತ್ತದೆ. ಹೆಣ್ಣುಮಕ್ಕಳಿಗೆ ಟೇಪಿನ ಬದಲು ಎರಡೂ ಅಂಗೈಗಳನ್ನು ತಮ್ಮ ಕೆಳಪಕ್ಕೆಲುಬುಗಳ ಮೇಲೆ, ಬೆರಳ ತುದಿಗಳು ಮುಂದೆ ತಾಗುವಂತೆ ಇಟ್ಟುಕೊಳ್ಳಲು ಹೇಳಬಹುದು. ಉಸಿರೆಳೆದಾಗ ಬೆರಳುಗಳು ದೂರವಾಗುತ್ತವೆ.

ಈಗ ತಿರುವಿನ ಪ್ರಶ್ನೆ. ಮೂಗು ಹಿಡಿದು, ಬಾಯಿ ಮುಚ್ಚಿ, ಕ್ಷಣಕಾಲ ಉಸಿರೆಳೆಯಲು ಪ್ರಯತ್ನಿಸಿರಿ. ಗಾಳಿ ಒಂದಿಷ್ಟೂ ಒಳಗೆ ಹೋಗಿಲ್ಲ. ಆದರೂ ಪಕ್ಕೆಲುಬುಗಳು ತುಸು ಮೇಲೇಳಲು ಹೆಣಗಿದ್ದು ಕೈಗೆ ತಿಳಿಯುತ್ತದೆ. ‘ಗಾಳಿ ಬರುವುದಕ್ಕಿಂತ ಮೊದಲೇ ಎದೆಯನ್ನು ಎತ್ತಲು ಹೊರಟದ್ದು ಯಾರು?’ ಎಂದು ಇಲ್ಲಿ ಕೇಳಬೇಕು. ಒಬ್ಬ ಹುಡುಗಿ, ‘ಟೀಚರ್, ಗಾಳಿ ಹೋಗದೆ ಎದೆ ಹೇಗೆ ದೊಡ್ಡ ಆಗುವುದು?’ ಎಂದು ಮರುಪ್ರಶ್ನೆ ಹಾಕಿದಳು. ಪಾಠ ನಿಜವಾಗಿ ತೆರೆದುಕೊಂಡದ್ದು ಆ ಪ್ರಶ್ನೆಯಿಂದ. ಉತ್ತರವನ್ನು ತಕ್ಷಣ ಕೊಡದೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡುವುದು ಒಳ್ಳೆಯದು.

ಹಂತ 2: ಮಾತಿನಲ್ಲಿರುವ ವಿಜ್ಞಾನ

ಉಸಿರಿನ ಜೊತೆ ಬಳಸುವ ಕ್ರಿಯಾಪದಗಳನ್ನು ಮಕ್ಕಳಿಂದಲೇ ಪಡೆಯಬೇಕು. ಉಸಿರು ‘ಎಳೆ’ಯುತ್ತೇವೆ, ಉಸಿರು ‘ಬಿಡು’ತ್ತೇವೆ. ಒಲೆಯನ್ನು, ದೀಪವನ್ನು, ಬಲೂನನ್ನು ‘ಊದು’ತ್ತೇವೆ. ಹಗ್ಗ ಎಳೆಯಲು ಶಕ್ತಿ ಬೇಕು. ಎಳೆದು ಹಿಡಿದ ಹಗ್ಗವನ್ನು ಬಿಡಲು ಶಕ್ತಿ ಬೇಡ. ಊದಲು ಮತ್ತೆ ಶಕ್ತಿ ಬೇಕು. ಕನ್ನಡದ ಈ ಮೂರು ಪದಗಳು ಉಸಿರಾಟದ ಮೂರು ಯಾಂತ್ರಿಕ ಸ್ಥಿತಿಗಳಿಗೆ ಸರಿಯಾಗಿ ಹೊಂದುತ್ತವೆ.

ಎಳೆ: ಉಚ್ಛ್ವಾಸದಲ್ಲಿ ಸ್ನಾಯುಗಳು ದುಡಿಯುತ್ತವೆ. ಎದೆ ಮತ್ತು ಹೊಟ್ಟೆಯ ನಡುವಿನ ಗುಮ್ಮಟದಾಕಾರದ ವಪೆ ಸಂಕುಚಿಸಿ ಚಪ್ಪಟೆಯಾಗುತ್ತದೆ. ಶಾಂತವಾಗಿ ಕುಳಿತಾಗ ಅದು ಕೆಳಗಿಳಿಯುವುದು ಸುಮಾರು 1 ಸೆಂ.ಮೀ. ಮಾತ್ರ, ದೀರ್ಘವಾಗಿ ಉಸಿರೆಳೆದಾಗ 10 ಸೆಂ.ಮೀ. ವರೆಗೂ ಇಳಿಯಬಲ್ಲದು. ಪಕ್ಕೆಲುಬುಗಳ ನಡುವಿನ ಹೊರಸ್ನಾಯುಗಳು ಪಕ್ಕೆಲುಬುಗಳನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಬಕೆಟ್ಟಿನ ಬದಿಗೆ ಬಾಗಿ ಬಿದ್ದಿರುವ ಹಿಡಿಯನ್ನು ಮೇಲೆತ್ತಿದರೆ ಅದು ಬಕೆಟ್ಟಿನಿಂದ ಹೊರಕ್ಕೆ ಚಾಚುವುದನ್ನು ತರಗತಿಯಲ್ಲೇ ತೋರಿಸಬಹುದು.

ಬಿಡು: ಸಹಜ ನಿಶ್ವಾಸಕ್ಕೆ ಪ್ರತ್ಯೇಕ ದುಡಿಮೆಯಿಲ್ಲ. ಸ್ನಾಯುಗಳು ಸಡಿಲಗೊಳ್ಳುತ್ತವೆ; ಹಿಗ್ಗಿದ್ದ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕತೆಯಿಂದ ಎಳೆದುಬಿಟ್ಟ ರಬ್ಬರಿನಂತೆ ಕುಗ್ಗುತ್ತದೆ; ಗಾಳಿ ಹೊರಬೀಳುತ್ತದೆ.

ಊದು: ಊದುಕೊಳವೆಯಿಂದ ಒಲೆ ಊದುವಾಗ, ಕೆಮ್ಮುವಾಗ, ಓಡಿ ಏದುಸಿರು ಬಿಡುವಾಗ ಹೊಟ್ಟೆಯ ಸ್ನಾಯುಗಳು ಒಳಗೊತ್ತಿ ವಪೆಯನ್ನು ಮೇಲಕ್ಕೆ ತಳ್ಳುತ್ತವೆ, ಪಕ್ಕೆಲುಬುಗಳ ನಡುವಿನ ಒಳಸ್ನಾಯುಗಳು ಎದೆಗೂಡನ್ನು ಕೆಳಗಿಳಿಸುತ್ತವೆ. ಮಕ್ಕಳು ಹೊಟ್ಟೆಯ ಮೇಲೆ ಕೈಯಿಟ್ಟು ಊದಿದರೆ ಹೊಟ್ಟೆ ಗಟ್ಟಿಯಾಗುವುದು ತಿಳಿಯುತ್ತದೆ. ಸುಮ್ಮನೆ ಉಸಿರು ಬಿಟ್ಟಾಗ ಗಟ್ಟಿಯಾಗುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ‘ಎಳೆ’ ಎಂದ ಕೂಡಲೇ ಮಗು, ದೇಹವು ಗಾಳಿಯನ್ನೇ ಹಿಡಿದು ಎಳೆಯುತ್ತದೆ ಎಂದುಕೊಳ್ಳಬಹುದು. ನಾವು ಎಳೆಯುವುದು ಗಾಳಿಯನ್ನಲ್ಲ, ಎದೆಗೂಡಿನ ಗೋಡೆಯನ್ನು. ಗಾಳಿಯನ್ನು ಒಳಗೆ ತಳ್ಳುವುದು ಹೊರಗಿನ ವಾತಾವರಣದ ಒತ್ತಡ. ಪಾಠದ ತಿರುಳು ಈ ಎರಡು ವಾಕ್ಯಗಳು.

ಹಂತ 3: ಸಿರಿಂಜು ಮತ್ತು ತಿದಿ

ಸೂಜಿಯಿಲ್ಲದ ಸಿರಿಂಜಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಹಿಂದಕ್ಕೆ ಎಳೆದರೆ ಬೆರಳಿನ ಚರ್ಮ ಒಳಕ್ಕೆ ಸೇದಿಕೊಳ್ಳುತ್ತದೆ. ಒಳಗಿನ ಗಾಳಿಗೆ ಹೆಚ್ಚು ಜಾಗ ಸಿಕ್ಕಿತು, ಒತ್ತಡ ಇಳಿಯಿತು. ಬೆರಳು ತೆಗೆದರೆ ಹೊರಗಿನ ಗಾಳಿ ನುಗ್ಗುತ್ತದೆ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ, ತಾಪ ಬದಲಾಗದಿದ್ದಾಗ ಅನಿಲದ ಗಾತ್ರ ಹೆಚ್ಚಿದಂತೆ ಒತ್ತಡ ಕಡಿಮೆಯಾಗುತ್ತದೆ ಎಂಬ ನಿಯಮ ಇಲ್ಲಿ ಬೆರಳಿಗೇ ತಾಗುತ್ತದೆ. ಸೂತ್ರ ಬರೆಯುವ ಅಗತ್ಯವಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಮರಳಬಹುದು. ಗಾಳಿ ಹೋಗದೆ ಎದೆ ಹೇಗೆ ದೊಡ್ಡದಾಗುತ್ತದೆ? ಸಿರಿಂಜಿನ ಹಿಡಿಯನ್ನು ಗಾಳಿ ಎಳೆಯಲಿಲ್ಲ, ಕೈ ಎಳೆಯಿತು. ಎದೆಯಲ್ಲಿ ಆ ಕೈಯ ಕೆಲಸ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳದ್ದು. ಮೂಗು ಮುಚ್ಚಿದಾಗ ಎದೆ ತುಸುವೇ ಹಿಗ್ಗಿ ನಿಲ್ಲುವುದಕ್ಕೂ, ಬೆರಳಿಟ್ಟ ಸಿರಿಂಜು ಬಿಗಿಯಾಗುವುದಕ್ಕೂ ಕಾರಣ ಒಂದೇ.

ಕಮ್ಮಾರನ ತಿದಿಯೂ ಇದನ್ನೇ ಮಾಡುತ್ತದೆ. ಎತ್ತಿದಾಗ ಗಾಳಿ ಒಳಗೆ, ಒತ್ತಿದಾಗ ಬೆಂಕಿಗೆ. ಈಗಿನ ಕುಲುಮೆಗಳಿಗೆ ವಿದ್ಯುತ್ ಬ್ಲೋವರ್ ಬಂದಿರುವುದರಿಂದ ತಿದಿ ನೋಡದ ಮಕ್ಕಳಿಗೆ ಹಾರ್ಮೋನಿಯಂ ತೋರಿಸಬಹುದು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಮೇಯೋ ತಿದಿಯೊಳಗೆ ಒಂದು ಪ್ರಾಣಿಯ ಮೂತ್ರಚೀಲವಿರಿಸಿ, ತಿದಿ ತೆರೆದಾಗ ಚೀಲ ತಾನಾಗಿ ಉಬ್ಬುವುದನ್ನು ತೋರಿಸಿದ್ದನು. ನಮ್ಮ ಬಾಟಲಿ–ಬಲೂನು ಅದರ ವಂಶದ್ದೇ.

ಈ ಒತ್ತಡದ ವ್ಯತ್ಯಾಸ ಎಷ್ಟು ಸಣ್ಣದು ಎಂಬುದು ಮಕ್ಕಳನ್ನು ಬೆರಗುಗೊಳಿಸಿತು. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 760 ಮಿ.ಮೀ. ಪಾದರಸ. ಶಾಂತವಾಗಿ ಉಸಿರೆಳೆಯುವಾಗ ಶ್ವಾಸಕೋಶದೊಳಗಿನ ಒತ್ತಡ ಅದಕ್ಕಿಂತ ಸುಮಾರು 1 ಮಿ.ಮೀ. ಮಾತ್ರ ಕಡಿಮೆಯಾಗುತ್ತದೆ. ಅಷ್ಟರಿಂದಲೇ ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ.

ಹಂತ 4: ಮಾದರಿ ಮತ್ತು ಅದರ ಮಿತಿಗಳು

ತಳ ಕತ್ತರಿಸಿದ ಪಾರದರ್ಶಕ ಬಾಟಲಿ, ಮುಚ್ಚಳದಲ್ಲಿ ಇಳಿಬಿಟ್ಟ ಕೊಳವೆ, ಅದರ ತುದಿಗೆ ಬಲೂನು, ತಳಕ್ಕೆ ಬಿಗಿದ ರಬ್ಬರ್ ಹಾಳೆ. ಮುಚ್ಚಳದ ಸುತ್ತ ಮೇಣ ಹಚ್ಚಿ ಗಾಳಿ ಸೋರದಂತೆ ಮಾಡಬೇಕು. ತೋರಿಸುವ ಮೊದಲು ರಬ್ಬರನ್ನು ಒಳಕ್ಕೆ ಒತ್ತಿ ಗುಮ್ಮಟದಂತೆ ಮಾಡಿ, ಅಲ್ಲಿಂದ ಚಪ್ಪಟೆ ಸ್ಥಿತಿಗೆ ತರುವುದು ಉತ್ತಮ. ರೂಢಿಯಂತೆ ಕೆಳಕ್ಕೆ ಜಗ್ಗಿದರೆ ವಪೆ ಹೊಟ್ಟೆಯತ್ತ ಜೋತುಬೀಳುತ್ತದೆ ಎಂಬ ಭಾವನೆ ಉಳಿಯುತ್ತದೆ.

ಮಾದರಿಯನ್ನು ತೋರಿಸಿದಷ್ಟೇ ಸಮಯವನ್ನು ಅದರ ಮಿತಿಗಳಿಗೆ ಕೊಡಬೇಕೆಂಬುದು ನಮ್ಮ ಅನುಭವ. ‘ಇದರಲ್ಲಿ ಯಾವುದು ನಮ್ಮ ದೇಹದಂತೆ ಇಲ್ಲ?’ ಎಂದು ಕೇಳಿ ಪಟ್ಟಿ ಮಾಡಿಸಿರಿ.

1. ಬಾಟಲಿಯ ಗೋಡೆ ಗಟ್ಟಿ. ಎದೆಗೂಡಿನ ಗೋಡೆ ಚಲಿಸುತ್ತದೆ.
2. ಬಲೂನಿಗೂ ಬಾಟಲಿಗೂ ನಡುವೆ ಗಾಳಿ ತುಂಬಿದ ದೊಡ್ಡ ಜಾಗವಿದೆ. ದೇಹದಲ್ಲಿ ಶ್ವಾಸಕೋಶವು ಎದೆಗೂಡಿನ ಗೋಡೆಗೆ ಅಂಟಿದಂತಿರುತ್ತದೆ. ನಡುವೆ ಇರುವುದು ದ್ರವದ ತೆಳು ಪದರ. ಎರಡು ಒದ್ದೆ ಗಾಜಿನ ತುಂಡುಗಳು ಒಂದಕ್ಕೊಂದು ಜಾರುತ್ತವೆ, ಬಿಡಿಸಲು ಮಾತ್ರ ಕಷ್ಟ. ಹಾಗಾಗಿ ಗೋಡೆ ಹಿಗ್ಗಿದರೆ ಶ್ವಾಸಕೋಶವೂ ಹಿಗ್ಗುತ್ತದೆ.
3. ಬಲೂನು ಒಂದು ಟೊಳ್ಳು ಚೀಲ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ವಾಯುಕೋಶಗಳಿವೆ. ಬಿಡಿಸಿ ಹರಡಿದರೆ ಸುಮಾರು 80 ಚದರ ಮೀಟರ್ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಸುಮಾರಾಗಿ ನಮ್ಮ ಎರಡು ತರಗತಿ ಕೋಣೆಗಳಷ್ಟು ನೆಲ.
4. ಬಲೂನು ಬಹುತೇಕ ಖಾಲಿಯಾಗುತ್ತದೆ. ಶ್ವಾಸಕೋಶ ಎಂದೂ ಖಾಲಿಯಾಗುವುದಿಲ್ಲ. ಎಷ್ಟೇ ಬಲವಾಗಿ ಊದಿದರೂ ವಯಸ್ಕರಲ್ಲಿ ಸುಮಾರು 1,100ರಿಂದ 1,200 ಮಿ.ಲೀ. ಗಾಳಿ ಉಳಿಯುತ್ತದೆ.

ಕೊನೆಯಲ್ಲಿ ಬಾಟಲಿಯ ಬದಿಗೆ ಒಂದು ತೂತು ಮಾಡುವ ಮೊದಲು, ‘ಈಗ ರಬ್ಬರ್ ಎಳೆದರೆ ಬಲೂನು ಉಬ್ಬುವುದೇ?’ ಎಂದು ಊಹಿಸಲು ಹೇಳಬೇಕು. ಹಳೆಯ ಕಲ್ಪನೆಯನ್ನೇ ಹಿಡಿದಿರುವವರು ‘ಉಬ್ಬುತ್ತದೆ, ಬಲೂನಿಗೆ ಏನೂ ಆಗಿಲ್ಲವಲ್ಲ’ ಎನ್ನುತ್ತಾರೆ. ಬಲೂನು ಉಬ್ಬುವುದಿಲ್ಲ, ಗಾಳಿ ತೂತಿನಿಂದಲೇ ಒಳಬರುತ್ತದೆ. ಎದೆಗೆ ಆಳವಾದ ಗಾಯವಾದಾಗ ಶ್ವಾಸಕೋಶಕ್ಕೆ ಪೆಟ್ಟಾಗದಿದ್ದರೂ ಅದು ಕುಸಿಯಬಹುದಾದ ಕಾರಣ ಇದು. ಇಡೀ ಪಾಠದಲ್ಲಿ ತಿಳಿವನ್ನು ಅತ್ಯಂತ ಚೆನ್ನಾಗಿ ಪರೀಕ್ಷಿಸಿದ್ದು ಈ ಒಂದು ತೂತು.

ಹಂತ 5: ಅಳತೆ ಮತ್ತು ಲೆಕ್ಕ

ಐದು ಲೀಟರಿನ ಕ್ಯಾನಿಗೆ ಅರ್ಧರ್ಧ ಲೀಟರಿನ ಗುರುತು ಹಾಕಿ, ನೀರು ತುಂಬಿ, ನೀರಿನ ಟಬ್ಬಿನಲ್ಲಿ ಬೋರಲು ನಿಲ್ಲಿಸಿ, ಬಾಯಿಗೆ ರಬ್ಬರ್ ಕೊಳವೆ ತೂರಿಸಬೇಕು. ದೀರ್ಘವಾಗಿ ಉಸಿರೆಳೆದು ಕೊಳವೆಯಲ್ಲಿ ಪೂರ್ತಿ ಊದಿದಾಗ ಹೊರಬಿದ್ದ ನೀರಿನಷ್ಟು ಗಾಳಿ ಮೇಲೆ ಸೇರುತ್ತದೆ. ಅದು ಆ ವಿದ್ಯಾರ್ಥಿಯ ಶ್ವಾಸಧಾರಣಾ ಸಾಮರ್ಥ್ಯದ ಅಂದಾಜು. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಪ್ರಕಟಿಸಿದ ಸ್ಪೈರೋಮೀಟರಿನಲ್ಲೂ ನೀರನ್ನೇ ಬಳಸಿದ್ದನು. 2,000ಕ್ಕೂ ಹೆಚ್ಚು ಜನರನ್ನು ಅಳೆದು, ಎತ್ತರ ಹೆಚ್ಚಿದಂತೆ ಈ ಸಾಮರ್ಥ್ಯ ಹೆಚ್ಚುವುದನ್ನು ಕಂಡಿದ್ದನು. ಹಾಗಾಗಿ ಕಡಿಮೆ ಅಳತೆ ಬಂದ ಕುಳ್ಳಗಿನ ಮಗು ‘ಸೋತ’ ಭಾವನೆ ಪಡಬೇಕಿಲ್ಲ. ಅಳತೆಗಳನ್ನು ಹಲಗೆಯ ಮೇಲೆ ಕ್ರಮಾಂಕದಂತೆ ಬರೆಯದಿರುವುದೇ ಒಳಿತು.

ಮುಂದಿನ ಲೆಕ್ಕವನ್ನು ಮಕ್ಕಳು ತಾವೇ ಮಾಡಿದರು. ಒಂದು ಸಹಜ ಉಸಿರಿನಲ್ಲಿ 500 ಮಿ.ಲೀ. ಗಾಳಿ ಒಳಬಂದರೆ ಸುಮಾರು 150 ಮಿ.ಲೀ. ಮೂಗು, ಶ್ವಾಸನಾಳಗಳಲ್ಲೇ ಉಳಿಯುತ್ತದೆ, ವಾಯುಕೋಶಕ್ಕೆ ತಲುಪುವುದಿಲ್ಲ. ನಿಮಿಷಕ್ಕೆ 12 ಸಲ 500 ಮಿ.ಲೀ. ಎಳೆದರೂ, 24 ಸಲ 250 ಮಿ.ಲೀ. ಎಳೆದರೂ ಒಟ್ಟು 6,000 ಮಿ.ಲೀ. ಆದರೆ ವಾಯುಕೋಶ ತಲುಪುವ ಗಾಳಿ ಮೊದಲನೆಯದರಲ್ಲಿ 350 × 12 = 4,200 ಮಿ.ಲೀ.; ಎರಡನೆಯದರಲ್ಲಿ 100 × 24 = 2,400 ಮಿ.ಲೀ. ಮೇಲುಸಿರು ಬಿಡುವವರಿಗೆ ಉಸಿರು ಸಾಲದಾಗುವುದು ಏಕೆಂದು ಇದರಿಂದ ತಿಳಿಯುತ್ತದೆ.

ವಿಸ್ತರಣೆ: ಕಂಬಳದ ಗದ್ದೆ, ಭಾಗವತರ ಕಂಠ

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ ಸುದ್ದಿ ಮಕ್ಕಳಿಗೆಲ್ಲ ಗೊತ್ತು. ‘ಓಟ ಮುಗಿದ ಮೇಲೂ ಏದುಸಿರು ಏಕೆ ನಿಲ್ಲುವುದಿಲ್ಲ?’ ಅಷ್ಟು ಕಡಿಮೆ ಹೊತ್ತಿನ ಪೂರ್ಣವೇಗದ ಓಟಕ್ಕೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಆಮ್ಲಜನಕವಿಲ್ಲದೆಯೇ ಸ್ನಾಯುವಿನಲ್ಲಿ ಬಿಡುಗಡೆಯಾಗುತ್ತದೆ. ಆ ಸಾಲವನ್ನು ತೀರಿಸುವುದು ಓಟದ ನಂತರದ ಉಸಿರು. ಆಗ ‘ಬಿಡು’ ಇಲ್ಲ, ‘ಎಳೆ’ ಮತ್ತು ‘ಊದು’ ಮಾತ್ರ.

ಯಕ್ಷಗಾನದ ಭಾಗವತರದ್ದು ಇದಕ್ಕೆ ವಿರುದ್ಧ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರಂತಹವರ (1938–2023) ಏರುಶ್ರುತಿಯ ಹಾಡುಗಾರಿಕೆ ಕೇಳಿದವರಿಗೆ ಉಸಿರಿನ ಹಿಡಿತ ಎಂದರೇನೆಂದು ಹೇಳಬೇಕಿಲ್ಲ. ಹಾಡು ಹುಟ್ಟುವುದು ನಿಶ್ವಾಸದಲ್ಲಿ. ತುಂಬಿದ ಶ್ವಾಸಕೋಶ ಒಮ್ಮೆಲೇ ಕುಗ್ಗದಂತೆ ಎಳೆಯುವ ಸ್ನಾಯುಗಳೇ ಹಿಡಿದು ಹಿಡಿದು, ಸ್ವಲ್ಪಸ್ವಲ್ಪವಾಗಿ ‘ಬಿಡು’ತ್ತವೆ.

ಮನೆಯ ಪ್ರಶ್ನೆಗಳು

ಬೆಳ್ತಂಗಡಿಯ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: ‘ನನ್ನ ಅಜ್ಜಿ ಒಂದು ದಿನವೂ ಬೀಡಿ ಸೇದಿದವರಲ್ಲ. ಮತ್ತೆ ಅವರಿಗೆ ದಮ್ಮು ಏಕೆ?’ ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಸಂಸಾರ ನಡೆಸಿದ್ದಾರೆ. ಹೊಗೆಸೊಪ್ಪಿನ ಹುಡಿ ಸೇದದವರ ಮೂಗಿಗೂ ಹೋಗುತ್ತದೆ. ಸೌದೆ ಒಲೆಯ ಹೊಗೆಯನ್ನು ವರ್ಷಗಟ್ಟಲೆ ಉಸಿರಾಡಿದವರಿಗೂ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬರುತ್ತದೆ ಎಂಬುದು ವೈದ್ಯಕೀಯವಾಗಿ ಸ್ಥಾಪಿತ ವಿಷಯ. ಹುಡುಗನ ಅಜ್ಜಿಗೆ ಏನಾಗಿದೆ ಎಂದು ಹೇಳುವುದು ವೈದ್ಯರ ಕೆಲಸ, ನಮ್ಮದಲ್ಲ. ಆದರೆ ಮೂರು ಕ್ರಿಯಾಪದಗಳಿಂದ ಅವನು ತನ್ನ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಬಹುದು.

ಅಸ್ತಮಾದಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ. ಎದೆ ಕುಗ್ಗುವಾಗ ಅವು ಇನ್ನಷ್ಟು ಕಿರಿದಾಗುವುದರಿಂದ ‘ಬಿಡು’ವುದು ತಾನಾಗಿ ಆಗುವುದಿಲ್ಲ, ‘ಊದು’ವುದಾಗುತ್ತದೆ. ಹೊಗೆಯಿಂದ ವಾಯುಕೋಶಗಳ ಗೋಡೆಗಳು ಹಾಳಾದಾಗ ಶ್ವಾಸಕೋಶ ಹಳೆಯ ರಬ್ಬರಿನಂತೆ ಬಿಗುವು ಕಳೆದುಕೊಳ್ಳುತ್ತದೆ. ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಕಲ್ಲುಪುಡಿಯಲ್ಲಿ ದುಡಿಯುವವರಿಗೆ ಬರುವ ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಅಲ್ಲಿ ಕಷ್ಟವಾಗುವುದು ‘ಎಳೆ’ಯುವುದು. ‘ಅಜ್ಜಿಗೆ ಬಿಡುವಾಗ ಕಷ್ಟ, ಸುಯ್ ಸುಯ್ ಅಂತ ಶಬ್ದ ಬರುತ್ತದೆ’ ಎಂದು ಅವನೇ ಹೇಳಿದ. ಅಷ್ಟನ್ನು ಗಮನಿಸಿ ವೈದ್ಯರಿಗೆ ತಿಳಿಸಬಲ್ಲ ಮೊಮ್ಮಗ ಮನೆಯಲ್ಲಿದ್ದರೆ ಅದು ಸಣ್ಣ ಉಪಕಾರವಲ್ಲ.

ಬೋಧಿಸುವವರಿಗೆ ಸೂಚನೆಗಳು

ಅಸ್ತಮಾ ಇರುವ, ಶೀತ–ಕೆಮ್ಮು ಇರುವ ಮಕ್ಕಳಿಂದ ಊದುವ ಮತ್ತು ಉಸಿರು ತಡೆಯುವ ಚಟುವಟಿಕೆ ಮಾಡಿಸಬಾರದು. ‘ಯಾರಿಗೆ ದಮ್ಮು ಇದೆ, ಕೈ ಎತ್ತಿ’ ಎಂದು ಕೇಳುವುದೂ ಬೇಡ; ತರಗತಿ ಶಿಕ್ಷಕರಿಂದ ಮೊದಲೇ ತಿಳಿದುಕೊಂಡು ಅಂಥವರಿಗೆ ಕ್ಯಾನಿನ ಗುರುತು ಓದುವ, ಲೆಕ್ಕ ಬರೆಯುವ ಜವಾಬ್ದಾರಿ ಕೊಡಬಹುದು. ಕೊಳವೆಯ ಬಾಯಿಗೆ ಪ್ರತಿ ಮಗುವಿಗೂ ಬೇರೆ ಬೇರೆ ಸ್ಟ್ರಾ ಇರಬೇಕು. 40 ನಿಮಿಷದ ಒಂದು ಅವಧಿಯಲ್ಲಿ ಎಲ್ಲ ಹಂತಗಳೂ ಮುಗಿಯುವುದಿಲ್ಲ. ಮೊದಲ ಮೂರು ಹಂತ ಒಂದು ದಿನ, ಉಳಿದವು ಮರುದಿನ ಎಂದು ಹಂಚಿಕೊಳ್ಳುವುದು ಅನುಕೂಲ.

ಮೌಲ್ಯಮಾಪನ

1. ಸರಿಯಾದ ಕ್ರಮದಲ್ಲಿ ಜೋಡಿಸಿ: ಗಾಳಿ ಒಳಬರುತ್ತದೆ, ವಪೆ ಸಂಕುಚಿಸುತ್ತದೆ, ಶ್ವಾಸಕೋಶದೊಳಗಿನ ಒತ್ತಡ ಇಳಿಯುತ್ತದೆ, ಎದೆಗೂಡಿನ ಗಾತ್ರ ಹೆಚ್ಚುತ್ತದೆ.
2. ‘ನಾವು ಗಾಳಿಯನ್ನು ಎಳೆಯುತ್ತೇವೆ.’ ಈ ವಾಕ್ಯವನ್ನು ವೈಜ್ಞಾನಿಕವಾಗಿ ತಿದ್ದಿ ಬರೆಯಿರಿ.
3. ತೂತಾದ ಬಾಟಲಿಯಲ್ಲಿ ಬಲೂನು ಉಬ್ಬಲಿಲ್ಲ. ಏಕೆ? ತೂತಿಗೆ ಬೆರಳು ಒತ್ತಿದರೆ ಏನಾಗುತ್ತದೆ?
4. ನಿದ್ರೆಯಲ್ಲಿ ಉಸಿರು ಬಿಡುವುದಕ್ಕೂ ಊದುಕೊಳವೆ ಊದುವುದಕ್ಕೂ ಇರುವ ವ್ಯತ್ಯಾಸವನ್ನು ಸ್ನಾಯುಗಳನ್ನು ಹೆಸರಿಸಿ ವಿವರಿಸಿ.
5. ನಿಮಿಷಕ್ಕೆ 15 ಸಲ, ಪ್ರತಿಸಲ 400 ಮಿ.ಲೀ. ಗಾಳಿ ಎಳೆಯುವವನ ವಾಯುಕೋಶಗಳಿಗೆ ನಿಮಿಷಕ್ಕೆ ಎಷ್ಟು ಗಾಳಿ ತಲುಪುತ್ತದೆ? (ಉತ್ತರ: 3,750 ಮಿ.ಲೀ.)

ಇವುಗಳಲ್ಲಿ 3ನೆಯ ಪ್ರಶ್ನೆಗೆ ಕಾರಣಸಹಿತ ಉತ್ತರ ಬರೆದ ವಿದ್ಯಾರ್ಥಿಗೆ ಪಾಠ ತಲುಪಿದೆ ಎಂದು ಧೈರ್ಯವಾಗಿ ಹೇಳಬಹುದು. ಚಿತ್ರ ಮಾತ್ರ ಅಂದವಾಗಿ ಬರೆದವರನ್ನು ಕರೆದು, ಕೈಯಲ್ಲಿ ಸಿರಿಂಜು ಕೊಟ್ಟು, ಇನ್ನೊಮ್ಮೆ ಬೆರಳು ಮುಚ್ಚಿ ಎಳೆಯಲು ಹೇಳಿದರೆ ಸಾಕು. ಮುಂದಿನ ಮಾತು ಅವರಿಂದಲೇ ಬರುತ್ತದೆ.